ಹೊಗೆ ತಪಾಸಣೆಯ ಬುದ್ಧಿ

ನನ್ನ ತಮ್ಮನನ್ನು ಬೀದಿಯವರೆಲ್ಲ ಸ್ಪ್ಯಾನರ್ ಎಂದೇ ಕರೆಯುತ್ತಾರೆ. ಒಳ್ಳೆಯ ಮೆಕ್ಯಾನಿಕ್, ಅದನ್ನು ಒಪ್ಪಿಕೊಳ್ಳುತ್ತೇನೆ. ಸ್ಕೂಟರ್ ಇನ್ನೂ ತಿರುವಿನಲ್ಲಿರುವಾಗಲೇ ಸದ್ದು ಕೇಳಿ ಅದರ ಕಾಯಿಲೆ ಹೇಳಬಲ್ಲ. ಆದರೆ ತನಗೆ ತಿಳಿಯದ್ದು ಲೋಕದಲ್ಲೇ ಇಲ್ಲ ಎನ್ನುವ ಕೊಬ್ಬು ಹುಟ್ಟಿದಾಗಿನಿಂದ ಇದೆ. ಚಿಕ್ಕವನಿದ್ದಾಗ ಅಪ್ಪನ ಗಡಿಯಾರ ಬಿಚ್ಚಿ ಜೋಡಿಸಿ, ಮಿಕ್ಕಿಹೋದ ಚಕ್ರಗಳನ್ನು ಕಿಟಕಿಯಾಚೆ ಎಸೆದು, “ಇವು ಸುಮ್ನೆ ಇಟ್ಟಿದ್ರು” ಎಂದ ಆಸಾಮಿ. ಅವನ ಗ್ಯಾರೇಜಿನ ಪಕ್ಕದ ಮಳಿಗೆಯಲ್ಲೇ ನಾನು ಗಾಡಿಗಳ ಸೀಟ್ ಕವರ್ ಹೊಲಿಯುತ್ತೇನೆ. ನಡುವೆ ಇರುವುದು ಒಂದು ತಗಡಿನ ಗೋಡೆ. ದಿನವಿಡೀ ಅವನ ಬಡಾಯಿ ಕೇಳುವ ಕರ್ಮ ನನ್ನದು.

ಅವನ ಎರಡೂ ಕಿಡ್ನಿ ಕೈಕೊಟ್ಟಾಗ ನನ್ನದೊಂದನ್ನು ಕೊಟ್ಟೆ. ಅವನ ಹೆಂಡತಿಯದು ಹೊಂದಲಿಲ್ಲ, ನನ್ನದು ಹೊಂದಿತು. ಆಪರೇಷನ್ ಆದ ಮೇಲೆ ಡಾಕ್ಟರಮ್ಮ ನಮ್ಮೆಲ್ಲರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಕೊಟ್ಟ ಕಿಡ್ನಿಯನ್ನು ಮೈ ಯಾವತ್ತೂ ತನ್ನದೆಂದು ಒಪ್ಪುವುದಿಲ್ಲ, ಹೊರಗಿನದೆಂದು ಹೊಡೆಯಲು ಹೊಂಚು ಹಾಕುತ್ತಲೇ ಇರುತ್ತದೆ. ಅದನ್ನು ತಡೆಯುವುದು ಮಾತ್ರೆ. ಬೆಳಗ್ಗೆ, ರಾತ್ರಿ, ದಿನವೂ ಅದೇ ಹೊತ್ತಿಗೆ, ಜೀವ ಇರುವ ತನಕ. ಮೈ ಹಗುರಾಯಿತೆಂದು ಬಿಡುವಂತಿಲ್ಲ, ಕೇಳದೆ ಬೇರೆ ಔಷಧಿ ನುಂಗುವಂತಿಲ್ಲ. ಇವನು ಗೋಣು ಆಡಿಸಿದ್ದೇ ಆಡಿಸಿದ್ದು.

ಒಂದು ವರ್ಷ ಚೆನ್ನಾಗಿತ್ತು. ಆಮೇಲೆ ರಕ್ತದ ರಿಪೋರ್ಟು ಕೆಡತೊಡಗಿತು. ಡಾಕ್ಟರಮ್ಮನಿಗೆ ತಲೆಬುಡ ತಿಳಿಯದು. “ರಕ್ತದಲ್ಲಿ ಮಾತ್ರೆ ಅಂಶ ಸರಿಯಾಗೇ ಇದೆ, ಆದ್ರೂ ಕಿಡ್ನಿ ಸೋಲ್ತಾ ಇದೆ” ಎಂದು ಹಣೆ ಉಜ್ಜಿಕೊಂಡರು. ನನ್ನ ಕಿಡ್ನಿಯಲ್ಲೇ ಏನೋ ಐಬಿತ್ತೇನೋ ಎಂದು ನಾನು ಒಳಗೊಳಗೇ ಕೊರಗಿದೆ.

ಒಂದು ಬೆಳಗ್ಗೆ ಒಬ್ಬ ಆಟೋದವನು ಹೊಗೆ ಕಾರುವ ಗಾಡಿ ತಂದ. ಅವತ್ತು ಅದಕ್ಕೆ ಹೊಗೆ ತಪಾಸಣೆ. ಇಂಥ ಗಾಡಿ ಬಂದರೆ ನನ್ನ ತಮ್ಮ ಅದರ ಸ್ಕ್ರೂ ಬಿಗಿದು, ಫಿಲ್ಟರ್ ತೊಳೆದು ಕಳಿಸುತ್ತಾನೆ. ಸರ್ಟಿಫಿಕೇಟ್ ಸಿಕ್ಕಿದ ಮೇಲೆ ಸ್ಕ್ರೂ ಮತ್ತೆ ಸಡಿಲ, ಹೊಗೆ ಮತ್ತೆ ಶುರು. ಗೋಡೆಯಾಚೆಯಿಂದ ಅವನ ದನಿ ಕೇಳಿಸಿತು.

“ತಪಾಸಣೆ ದಿನ ಚೊಕ್ಕ ಇದ್ರೆ ಸಾಕು ಗುರೂ. ನಾನೂ ಹಂಗೇ ತಾನೆ? ರಕ್ತ ಕೊಡೋಕೆ ನಾಲ್ಕೈದು ದಿನ ಮುಂಚೆ ಸರಿಯಾಗಿ ಮಾತ್ರೆ ತಗೋತೀನಿ. ಮಿಕ್ಕಿದ್ದು ದಿನ ಬಿಟ್ಟು ದಿನ. ಡಾಕ್ಟರಿಗೆ ಏನೂ ಗೊತ್ತಾಗಲ್ಲ.”

ಹೊಲಿಯುತ್ತಿದ್ದ ಮಷಿನ್ ಬಿಟ್ಟು ಎದ್ದು ಹೋದೆ. ಆಟೋದವನ ಎದುರಿಗೇ ಅವನ ಕಾಲರ್ ಹಿಡಿದೆ.

“ಥೂ ನಿನ್ನ! ನನ್ನ ಹೊಟ್ಟೆ ಕೊಯ್ಸಿ ಕೊಟ್ಟಿದ್ದು ಈ ಆಟಕ್ಕೇನೋ?”

“ಕೈ ಬಿಡೇ ಅಕ್ಕಾ. ಆ ಮಾತ್ರೆ ತಗೊಂಡ್ರೆ ಕೈ ನಡುಗುತ್ತೆ. ಒಂದು ಸ್ಕ್ರೂ ಕೂರಿಸೋಕಾಗಲ್ಲ. ಗಿರಾಕಿಗಳು ನಗ್ತಾರೆ.”

“ಡಾಕ್ಟರಿಗೆ ಹೇಳೋಕೆ ಏನಾಗಿತ್ತು ರೋಗ?”

“ನನ್ನ ಮೈ ಸಂಗತಿ ನನಗೆ ಗೊತ್ತು. ನಿನ್ನ ಸೂಜಿ ನೋಡ್ಕೋ ಹೋಗು. ನೀನು ಬಾಯಿ ಬಿಟ್ರೆ ನಾನು ನಿನ್ನ ತಮ್ಮನೇ ಅಲ್ಲ.”

ಬಾಯಿ ಬಿಡದೆ ಇರುವ ಜಾತಿಯಲ್ಲ ನಾನು. ಮರುದಿನವೇ ಅವನನ್ನೂ ಅವನ ಮಗಳನ್ನೂ ಹೊರಡಿಸಿಕೊಂಡು ಹೋಗಿ ಡಾಕ್ಟರಮ್ಮನ ಎದುರು ಎಲ್ಲ ಹೇಳಿದೆ. ಅವನು ಕಣ್ಣು ಮಿಟುಕಿಸದೆ, “ಅಕ್ಕಂಗೆ ತಲೆ ಕೆಟ್ಟಿದೆ ಮೇಡಂ. ಕೊಟ್ಟಾಗಿಂದ ಹೀಗೇ ಆಡ್ತಾಳೆ” ಎಂದ.

ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿ, “ಮಾತ್ರೆ ಸರಿಯಾಗಿ ತಗೊಂಡೂ ಹೀಗಾಗಿದ್ರೆ, ಇನ್ನೊಂದು ಕಿಡ್ನಿಯ ಯೋಚನೆ ಮಾಡಬೇಕಾಗಬಹುದು” ಎಂದರು.

ಮೂಲೆಯಲ್ಲಿ ನಿಂತಿದ್ದ ಮಗಳು, ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿ, “ನಂದು ಕೊಡ್ತೀನಿ. ನಾಳೆನೇ ಟೆಸ್ಟ್ ಮಾಡಿ” ಎಂದಳು.

“ಏಯ್, ಬಾಯಿ ಮುಚ್ಚು!” ಎಂದು ತಮ್ಮ ಕಿರುಚಿದ. ಕುರ್ಚಿಯಿಂದ ಅರ್ಧ ಎದ್ದಿದ್ದ. “ಮೇಡಂ, ಇವಳದ್ದು ಬೇಡ. ನಾನೇ ಮಾತ್ರೆ ಬಿಟ್ಟಿದ್ದು. ಅಕ್ಕ ಹೇಳಿದ್ದೆಲ್ಲ ನಿಜ.”

ಡಾಕ್ಟರಮ್ಮ ಪೆನ್ನು ಮೇಜಿನ ಮೇಲೆ ಕುಕ್ಕಿದರು. “ಕೈ ನಡುಕ ಈ ಮದ್ದಿಂದ ಬರೋದೇ. ಹೇಳಿದ್ರೆ ಡೋಸ್ ಸರಿಮಾಡ್ತಿದ್ದೆ, ಇಲ್ಲಾಂದ್ರೆ ಮದ್ದೇ ಬದಲಾಯಿಸ್ತಿದ್ದೆ. ಆ ಟೆಸ್ಟು ಹಿಂದಿನ ಕೆಲವು ದಿನದ್ದು ಮಾತ್ರ ಹೇಳುತ್ತೆ. ನೀವು ಮೋಸ ಮಾಡಿದ್ದು ನನಗಲ್ಲ.”

ಆಸ್ಪತ್ರೆಗೆ ಸೇರಿಸಿ ಇಂಜೆಕ್ಷನ್ ಹಾಕಿದರು. ಕಿಡ್ನಿ ಉಳಿಯಿತು. ಆದರೆ ಹಾಳಾದ ಪಾಲು ಹಾಳಾದದ್ದೇ, ಇನ್ನು ಅದು ಹಿಂದಿರುಗುವುದಿಲ್ಲವಂತೆ. ಮದ್ದು ಬದಲಾದ ಮೇಲೆ ಅವನ ಕೈ ನಡುಕವೂ ಇಳಿದಿದೆ, ಹೊತ್ತಿಗೆ ಸರಿಯಾಗಿ ನುಂಗುತ್ತಾನೆ. ಗೋಡೆಯಾಚೆಯಿಂದ “ಅಕ್ಕಾ, ತಗೊಂಡೆ ಕಣೇ” ಎಂದು ಕೂಗಿ ಹೇಳುತ್ತಾನೆ. ನಾನು ಮಷಿನ್ ಇನ್ನಷ್ಟು ಜೋರಾಗಿ ತುಳಿಯುತ್ತೇನೆ.

ಹೋಗಲಿ ಬಿಡು, ಒಡಹುಟ್ಟಿದವನು ಅನ್ನುತ್ತಾರೆ ಎಲ್ಲರೂ. ಬಿಡುವುದಿಲ್ಲ. ಮಗಳದ್ದು ಹೋದೀತು ಎಂದಾಗ ಒಂದೇ ಉಸಿರಿಗೆ ಅವನ ಬಾಯಿಂದ ನಿಜ ಹೊರಬಂತು. ನನ್ನದು ಅವನ ಹೊಟ್ಟೆಯೊಳಗೆ ಸಾಯುತ್ತಿದೆ ಎಂದು ನಾನು ಎದುರಿಗೇ ಕೂತು ಹೇಳಿದಾಗ, ನನಗೆ ತಲೆ ಕೆಟ್ಟಿದೆ ಎಂದಿದ್ದ.