ಮಾಳಿಗೆಗೆ ಹೊರಟವಳನ್ನು ‘ಎಲ್ಲಿಗೆ’ ಎನ್ನಬೇಡಿ

ಜಪಾನಿ ಭಾಷೆಯ ಹುಚ್ಚು ನನಗೆ ಹಿಡಿದದ್ದು ಮೊಬೈಲಿನಿಂದ. ಇಂಡಿ ಊರಿನ ನಿಂಬೆಹಣ್ಣು ವ್ಯಾಪಾರದ ಮನೆಯ ಸೊಸೆಗೆ ಅದೆಲ್ಲ ಯಾಕೆ ಬೇಕು ಎಂದು ಕೇಳದವರಿಲ್ಲ. ಸಿಂದಗಿಯ ತವರಿನವರಂತೂ ಅಲ್ಲಿ ಯಾರ ಜೋಡಿ ಮಾತಾಡುತ್ತೀ ಎಂದು ನಕ್ಕಿದ್ದರು. ಹೀಗಿರುವಾಗ ಮೊಬೈಲಿನಲ್ಲೇ ಪಾಠ ನಡೆಸುವ ಸಂಸ್ಥೆಯೊಂದು, ಕನ್ನಡದಲ್ಲಿ ಜಪಾನಿ ಕಲಿಸುವವರು ಬೇಕೆಂದು ನನ್ನನ್ನು ಸಂದರ್ಶನಕ್ಕೆ ಕರೆಯಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನಗೆ ಬರುವ ವಿದ್ಯೆ ಕೊನೆಗೂ ಯಾರಿಗೋ ಬೇಕಾಗಿತ್ತು. ಆ ಕೆಲಸ ನನಗೆ ಸಿಗಲೇಬೇಕಿತ್ತು.

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಮಾಳಿಗೆಯ ಮೇಲೆ ಮಾತ್ರ. ಆ ದಿನ ಇಳಕಲ್ ಸೀರೆ ಉಟ್ಟು, ಮೊಬೈಲು ಹಿಡಿದು, ಅಂಗಳದ ಮೆಟ್ಟಿಲಿಗೆ ಕಾಲಿಟ್ಟೆ. ಹಲ್ಲುಜ್ಜುತ್ತ ನಿಂತಿದ್ದ ಎದುರುಮನೆಯ ಕಾಕಾ, "ಎಲ್ಲಿಗಿ ಹೊಂಟಿಯವ್ವಾ?" ಎಂದುಬಿಟ್ಟರು.

ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ತಿಳಿಯಲೇಬೇಕಿದ್ದರೆ ‘ದೂರ ಹೊಂಟೀರೇನು’ ಎನ್ನಬೇಕು. ಯಾರಾದರೂ ಬಾಯಿತಪ್ಪಿ ಕೇಳಿದರೋ, ಹೊರಟವರು ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಅತ್ತೆ ತಂಬಿಗೆ ಹಿಡಿದು ಬಂದೇ ಬಿಟ್ಟರು. ಮಾಳಿಗೆ ಹತ್ತುವುದು ಊರಿಗೆ ಹೋದಂತೆ ಆಗುತ್ತದೆಯೇ ಎಂದು ನಾನು ವಾದಕ್ಕಿಳಿದೆ. ನೌಕರಿಗೆ ಹೊರಟವಳು ಎತ್ತ ಹೊರಟರೂ ಒಂದೇ ಎಂದರು ಅತ್ತೆ. ಕೂತೆ, ಕುಡಿದೆ, ಎದ್ದೆ. ಅಷ್ಟರಲ್ಲಿ ಹಣ್ಣು ಆರಿಸಲು ಬಂದ ಹೆಂಗಸು ನನ್ನ ಸೀರೆ ನೋಡಿ ಅದೇ ಪ್ರಶ್ನೆ ಕೇಳಿದಳು. ಮತ್ತೆ ತಂಬಿಗೆ ಬಂತು. ಹೊಟ್ಟೆಯಲ್ಲಿ ನೀರು ಗುಳುಗುಳು ಎನ್ನುತ್ತಿರಲು ನಾನು ಮೇಲೆ ಮುಟ್ಟುವಾಗ ಹೊತ್ತು ಮೀರಿತ್ತು.

ಪರದೆಯಲ್ಲಿದ್ದ ಮೇಡಂ ಧಾರವಾಡದವರು, ಬಹಳ ಕಾಲ ಜಪಾನಿನಲ್ಲಿ ಇದ್ದವರು. ಮುಖ ಗಂಟಿಕ್ಕಿಕೊಂಡು, ತಡ ಯಾಕೆಂದು ಜಪಾನಿಯಲ್ಲೇ ಕೇಳಿದರು. ಆ ಭಾಷೆಯಲ್ಲಿ ‘ಬಕಾರಿ ನಿ’ ಎಂಬ ಮಾತಿದೆ. ಇಷ್ಟೇ ಇಷ್ಟು ಕಾರಣಕ್ಕೆ ಆಗಬಾರದ್ದು ಆಗಿಹೋಯಿತಲ್ಲ ಎಂದು ಕೈಕೈ ಹಿಸುಕಿಕೊಳ್ಳುವಾಗ ಆ ಕಾರಣದ ಬೆನ್ನಿಗೆ ಇದನ್ನು ಅಂಟಿಸುತ್ತಾರೆ. ಕಾಕಾ ಎಲ್ಲಿಗೆ ಎಂದ ಬಕಾರಿ ನಿ, ಆ ಹೆಂಗಸೂ ಎಲ್ಲಿಗೆ ಎಂದ ಬಕಾರಿ ನಿ, ತಂಬಿಗೆಗಟ್ಟಲೆ ನೀರು ಕುಡಿದ ಬಕಾರಿ ನಿ ಎಂದು ಒಂದೇ ಉಸಿರಿಗೆ ಜಪಾನಿಯಲ್ಲಿ ಒದರಿದೆ. ಮೇಡಂ ಮುಖದ ಗಂಟು ಸ್ವಲ್ಪ ಸಡಿಲಾಯಿತು. ಇದನ್ನೇ ಜಪಾನಿಯ ಗಂಧಗಾಳಿ ಇಲ್ಲದವರಿಗೆ ಕಲಿಸಿ ತೋರಿಸಿ ಎಂದರು.

ಮತ್ತೆ ಯಾರಾದರೂ ಕೇಳಿಯಾರೆಂದು ಅತ್ತೆ ತಂಬಿಗೆಯೊಂದಿಗೆ ನನ್ನ ಹಿಂದೆಯೇ ಮಾಳಿಗೆ ಹತ್ತಿದ್ದರು. ಅವರನ್ನೇ ಪಕ್ಕಕ್ಕೆ ಕೂರಿಸಿಕೊಂಡು ವಿವರಿಸಿದೆ. ಅತ್ತೆ ತಲೆ ತಗ್ಗಿಸಿ ಕೇಳಿದರು. ಆಮೇಲೆ ತಡೆದು ತಡೆದು ಹೇಳಿದರು:

"ನಿನಗ ಚಲೋ ಆಗ್ಲಿ ಅಂತ ನಾ ಕುಂದ್ರಿಸಿದ ಬಕಾರಿ ನಿ, ನಿನಗ ತಡಾ ಆತು."

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಅವರ ಮುಖ ನೋಡಲಾಗದೆ ನಾನು ತಂಬಿಗೆ ನೋಡುತ್ತ ಕೂತೆ. ಮೇಡಂ ಕನ್ನಡದಲ್ಲಿ, ಸೋಮವಾರದಿಂದ ಪಾಠ ಶುರು ಮಾಡ್ರಿ ಎಂದರು.

ಸೋಮವಾರ ಅತ್ತೆ ಇಡೀ ಓಣಿಗೆ ತಾಕೀತು ಮಾಡಿದ್ದರು. ಕಾಕಾ ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ನಿಂತಿದ್ದರು. ಹಣ್ಣಿನ ಹೆಂಗಸು ಬುಟ್ಟಿಯಿಂದ ತಲೆ ಎತ್ತಲಿಲ್ಲ. ನಾನು ಅರ್ಧ ಮೆಟ್ಟಿಲು ಹತ್ತಿದ್ದೆ. ಅತ್ತೆ ಒಳಗಿನಿಂದ ಓಡುತ್ತ ಬಂದರು.

"ನಿಲ್ಲವಾ, ಚಸ್ಮಾ ಬಿಟ್ಟು ಎಲ್ಲಿಗಿ ಹೊಂಟಿ?"

ಅತ್ತೆಯ ಕೈ ಬಾಯಿಗೆ ಹೋಯಿತು. ನಗು ತಡೆಯಲಾಗದೆ ನಾನು ಮೆಟ್ಟಿಲ ಮೇಲೆಯೇ ಕುಸಿದು ಕೂತೆ. ಅವರು ತಂಬಿಗೆ ತಂದು, ನನ್ನ ಪಕ್ಕದಲ್ಲಿ ಕೂತು, "ನಾ ಕೇಳಿದ ಬಕಾರಿ ನಿ..." ಎಂದು ಶುರು ಮಾಡಿದರು. ಮುಂದಿನದನ್ನು ಹೇಳಲು ಅವರನ್ನೂ ನಗು ಬಿಡಲಿಲ್ಲ. ಮೇಲೆ ನನ್ನ ವಿದ್ಯಾರ್ಥಿಗಳು ಕಾಯುತ್ತಿದ್ದರು. ಈ ಸಲ ನಾನು ವಾದ ಮಾಡದೆ ತಂಬಿಗೆ ಖಾಲಿ ಮಾಡಿದೆ.