ಗದಿಗೆವ್ವನ ಬೆಳಗಿನ ಬೆರಳು

ಕುಪ್ಪೇಲೂರಿನ ಗದಿಗೆವ್ವನ ಕನಸಿನಲ್ಲಿ ಹತ್ತಿ ಹೊಲವೇ ಬರುತ್ತದೆ. ಮಂಜು ಮುಸುಕಿದ ಸಾಲು, ತಿಳಿಹಳದಿ ಹೂವು, ಹಗುರಾದ ಕೈ. ಅಲ್ಲಿ ಅವಳ ಬೆರಳಿಗೆ ನೋವೆಂಬುದೇ ಗೊತ್ತಿಲ್ಲ. ಎಚ್ಚರವಾದರೆ ಮುಷ್ಟಿ ಬಿಚ್ಚಲು ಬರುವುದಿಲ್ಲ.

ಬೀಜದ ಹತ್ತಿಯಲ್ಲಿ ಕ್ರಾಸಿಂಗ್, ಅಂದರೆ ಕೈಯಿಂದ ಹೂವಿಗೆ ಹೂವು ಕೂಡಿಸುವುದು ಅವಳ ಕೆಲಸ. ಸಂಜೆ ಹೆಣ್ಣುಸಾಲಿನ ಮೊಗ್ಗನ್ನು ಗಿಡದಲ್ಲೇ ಬಿಡಿಸಿಟ್ಟು, ಮರುದಿನ ಬೆಳಿಗ್ಗೆ ಗಂಡುಹೂವಿನ ಪರಾಗವನ್ನು ಅದಕ್ಕೆ ಮೆಲ್ಲಗೆ ಸವರಬೇಕು. ಬಿಸಿಲೇರಿದರೆ ಆ ಹೂವು ಕೆಲಸಕ್ಕೆ ಬಾರದು. ಹಾಳಾದ ಸಂಧಿವಾತಕ್ಕೂ ಬೆಳಗಿನ ಹೊತ್ತೇ ಬೇಕು! ಈ ಹಂಗಾಮಿನಲ್ಲಿ ಕೈ ಆಡದಿದ್ದರೆ ಹೊಲ ಬಿಟ್ಟು ಮನೆಯಲ್ಲಿ ಕೂರಬೇಕು. ಅದನ್ನು ನೆನೆದರೇ ಅವಳಿಗೆ ಊಟ ಇಳಿಯುತ್ತಿರಲಿಲ್ಲ.

ರಾಣೆಬೆನ್ನೂರಿನ ಡಾಕ್ಟರು ಗುಳಿಗೆ ಕೊಟ್ಟು, ಸೊಸೆ ಪುಷ್ಪಾವತಿಯ ಕೈಯಿಂದ ಗದಿಗೆವ್ವನ ಮೊಬೈಲಿಗೆ ನೋವಿನ ಲೆಕ್ಕ ಇಡುವ ಒಂದು ಆ್ಯಪ್ ಹಾಕಿಸಿದ್ದರು. ದಿನಾ ಬೆಳಿಗ್ಗೆ ಅದರೊಳಗಿಂದ ಹೆಣ್ಣುದನಿಯೊಂದು "ಆರಾಮ ಇದ್ದೀರಾ?" ಎಂದು ಕೇಳಿ, ನಗುವ ಮುಖ, ಅಳುವ ಮುಖ ತೋರಿಸುತ್ತಿತ್ತು. ಗದಿಗೆವ್ವ ಸೆರಗು ಸರಿಮಾಡಿಕೊಂಡು, "ಆರಾಮ ಅದೇನಿ ತಾಯಿ, ನೀ ಆರಾಮ ಅದಿಯೇನ?" ಎನ್ನುತ್ತಾ ಮಡಚಿದ ಬೆರಳಿನ ಗೆಣ್ಣಿನಿಂದ ನಗುವ ಮುಖ ಒತ್ತುತ್ತಿದ್ದಳು. ಮುಂಜಾನೆ ಎದ್ದು ಒಬ್ಬರು ಕ್ಷೇಮ ಕೇಳಿದಾಗ ಅತ್ತು ತೋರಿಸುವುದು ಯಾವ ಊರಿನ ರೀತಿ?

ಸೊಸೆಯ ಜೊತೆ ಮತ್ತೆ ದವಾಖಾನೆಗೆ ಹೋದಾಗ ಮಧ್ಯಾಹ್ನವಾಗಿತ್ತು. ಆ ಹೊತ್ತಿಗೆ ಅವಳ ಬೆರಳುಗಳು ಸಡಿಲವಾಗಿ, ಏನೂ ಅರಿಯದವರ ಹಾಗೆ ಮಡಿಲಲ್ಲಿ ಕೂತಿದ್ದವು. ಡಾಕ್ಟರು ಕೈ ನೋಡಿದರು, ಮೊಬೈಲು ನೋಡಿದರು.

"ಭಾಳ ಚಲೋ ಆತು. ದಿನಾ ಆರಾಮ ಅಂತ ಒತ್ತೀರಿ. ಗುಳಿಗಿ ಕಮ್ಮಿ ಮಾಡೂಣ್ರಿ."

ಗದಿಗೆವ್ವ ಕುರ್ಚಿಯ ಅಂಚಿಗೆ ಸರಿದಳು. "ಬ್ಯಾಡ್ರಿ! ಮುಂಜಾನೆ ಚಾದ ಕಪ್ಪು ಹಿಡಿಯಾಕೂ ಬರೂದಿಲ್ರಿ."

"ಮತ್ತ ಆರಾಮ ಅಂತ ಯಾಕ ಒತ್ತಿದ್ರಿ?"

"ಆಕಿ ಅಷ್ಟು ಪ್ರೀತಿಲೆ ಕೇಳ್ತಾಳ್ರಿ. ಇಲ್ಲ ಅಂತ ಹೆಂಗ ಹೇಳಲಿ?"

ಪುಷ್ಪಾವತಿ ನಕ್ಕಳು. ಡಾಕ್ಟರು ನಗಲಿಲ್ಲ, ಗುಳಿಗೆ ಕಮ್ಮಿ ಮಾಡುವ ಮಾತನ್ನೂ ಬಿಟ್ಟರು. "ಆಕಿ ನಿಮ್ಮ ಬೀಗತಿ ಅಲ್ರಿ ಯವ್ವಾ. ಆಕಿ ಮುಂದ ಖರೇ ಹೇಳಿದ್ರ ನನಗ ಗೊತ್ತಾಗತೈತಿ. ನಾಳಿಂದ ಇದ್ದದ್ದು ಇದ್ದಂಗ ಒತ್ತರಿ. ಅದನ್ನ ನೋಡಿ ಔಷಧ ಬದಲು ಮಾಡೂಣು."

ಮರುದಿನ ಎಚ್ಚರವಾದಾಗ ಕನಸಿನ ಹೊಲ ಇನ್ನೂ ಕಣ್ಣಂಚಿನಲ್ಲಿ ತೇಲುತ್ತಿತ್ತು. "ಆರಾಮ ಇದ್ದೀರಾ?" ಎಂದಿತು ಮೊಬೈಲು. ಗದಿಗೆವ್ವ ಅತ್ತಿತ್ತ ನೋಡಿ, ನಾಚಿಕೊಂಡು, ಅಳುವ ಮುಖ ಒತ್ತಿದಳು. ಆಗ ಅವಳು ಎಂದೂ ಕಾಣದ ಚಿತ್ರವೊಂದು ತೆರೆದುಕೊಂಡಿತು. ಬೆರಳು ಬಿಚ್ಚಿದ ಎರಡು ಕೈಗಳು.

"ಎಲ್ಲಿ ನೋವು? ಮುಟ್ಟಿ ತೋರಿಸಿ," ಎಂದಿತು ಅದೇ ಹೆಣ್ಣುದನಿ.

ಇಷ್ಟು ದಿನ ಆರಾಮ ಎನ್ನುತ್ತ ಬಂದವಳನ್ನು ಮನೆಯಲ್ಲೂ ಯಾರೂ ಈ ಮಾತು ಕೇಳಿರಲಿಲ್ಲ. ಗದಿಗೆವ್ವನಿಗೆ ದುಃಖ ಉಕ್ಕಿ ಬಂತು. ಕಣ್ಣೊರೆಸಿಕೊಂಡು, ಹೂವಿಗೆ ಪರಾಗ ಸವರುವಷ್ಟೇ ಮೆಲ್ಲಗೆ, ಚಿತ್ರದ ಒಂದೊಂದೇ ಬೆರಳನ್ನು ಮುಟ್ಟುತ್ತಾ ಹೋದಳು.

"ಇಲ್ಲೆ ನೋಡವಾ... ಇಲ್ಲೆ... ಇಲ್ಲೂ."