ಗರಗಸಕ್ಕೆ ಕುಂಕುಮ

ಪಕ್ಕದ ಫ್ಲಾಟಿನಲ್ಲಿ ಬಡಗಿ ಕೆಲಸ ನಡೆಯುತ್ತಿದೆ. ಮರ ಸುಟ್ಟ ವಾಸನೆ ನಮ್ಮ ಕೀಲ್ಪಾಕಿನ ಮನೆಯೊಳಗೆ ಬಂದರೆ ಸಾಕು, ಹೆಂಡತಿ ನನ್ನತ್ತ ನೋಡಿ ನಗುತ್ತಾಳೆ. ಯಾಕೆಂದು ನಿಮಗೂ ಹೇಳಿಬಿಡುತ್ತೇನೆ. ಹೋದ ಮಾನ ಹೇಗೂ ಹೋಗಿಯಾಗಿದೆ.

ವರ್ಷಗಳ ಹಿಂದಿನ ಮಾತು. ಆಗ ಅಮ್ಮ ಮಂಡಿ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿದ್ದಳು. ಮಾರನೆಯ ದಿನ ಮನೆಗೆ ಬರಬೇಕು. ವಾಕರ್ ಹಿಡಿದವಳಿಗೆ ಬಚ್ಚಲಮನೆಯ ಮುಂದಿನ ಮೆಟ್ಟಿಲು ಹತ್ತಲಾಗದು. "ಸ್ನಾನಕ್ಕೂ ಇನ್ನೊಬ್ಬರ ಕೈ ಹಿಡಿಯೋದಾದ್ರೆ ನಾನು ಮನೆಗೇ ಬರೋಲ್ಲ" ಎಂದು ಹಟ ಹಿಡಿದಿದ್ದಳು.

"ಒಂದು ಇಳಿಜಾರು ಹಲಗೆ ತಾನೇ? ನಾನೇ ಮಾಡ್ತೀನಿ" ಎಂದೆ. ನನ್ನ ಬಳಿ ಕರೆಂಟಿನ ಗರಗಸ ಇತ್ತಲ್ಲ!

ಹಲಗೆಗೆ ತಾಗಿಸಿದೆ. ಕಿರುಚಿತು, ಹೊಗೆಯಾಡಿತು, ಮರ ಕಪ್ಪಾಯಿತು, ಕೊಯ್ಯಲಿಲ್ಲ ಮಾತ್ರ. ಇನ್ಶೂರೆನ್ಸ್ ಕಚೇರಿಯಲ್ಲಿ ವರ್ಷಗಟ್ಟಲೆ ಕ್ಲೇಮು ಪರಿಶೀಲಿಸಿದವನು ನಾನು. ತಪ್ಪು ಯಾವಾಗಲೂ ಎದುರಿನವರದೇ. ಮೊದಲು ವೋಲ್ಟೇಜನ್ನು ಬೈದೆ. ಎಕ್ಸ್‌ಟೆನ್ಷನ್ ವೈರು ಬದಲಾಯಿಸಿದೆ. ಮೋಟರಿಗೆ ಹೊಸ ಕಾರ್ಬನ್ ಬ್ರಷ್ ಹಾಕಿದೆ. ಕೊನೆಗೆ ಮರವೇ ಹಸಿ ಎಂದು ತೀರ್ಪು ಕೊಟ್ಟೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದ ಹೆಂಡತಿ, ನನ್ನನ್ನು ಕೇಳದೆಯೇ ಬಡಗಿ ಪೆರುಮಾಳ್‌ಗೆ ಫೋನ್ ಮಾಡಿದಳು.

ಅವರು ಬಂದವರೇ ಪ್ಲಗ್ ಕಿತ್ತರು. ಬ್ಲೇಡಿನ ಮೇಲಿನ ಕುಂಕುಮ ನೋಡಿ ನಕ್ಕು, ತಮಿಳಿನಲ್ಲಿ ಹೇಳಿದರು: "ಸಾರ್, ಪೂಜೆ ನಲ್ಲಾ ಪಣ್ಣಿರುಕ್ಕೀಂಗ. ಆನಾ ಬ್ಲೇಡ್ ತಿರುಪ್ಪಿ ಮಾಟ್ಟಿಟ್ಟೀಂಗಳೇ!"

ಪೂಜೆಯೇನೋ ಚೆನ್ನಾಗಿ ಮಾಡಿದ್ದೆ, ಬ್ಲೇಡು ಮಾತ್ರ ತಿರುಗಿಸಿ ಹಾಕಿದ್ದೆ, ಮಾರಾಯರೆ! ಹಿಂದಿನ ವಾರ ಆಯುಧಪೂಜೆಗೆ ಬ್ಲೇಡು ಬಿಚ್ಚಿ ಒರೆಸಿ, ಕಂಪೆನಿಯ ಅಕ್ಷರವಿಲ್ಲದ ಒಳಬದಿಗೆ ಕುಂಕುಮ ಇಟ್ಟಿದ್ದೆ. ಆ ಕುಂಕುಮ ಮೋಟರಿನ ಕಡೆ ಮುಖ ಮಾಡಿದರೆ ಅಪಚಾರವೆಂದು, ಹೊರಗೆ ಕಾಣುವಂತೆ ಕೂರಿಸಿದ್ದೆ. ಹಲ್ಲುಗಳೆಲ್ಲ ಹಿಂದುಮುಂದು! ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಪೆರುಮಾಳ್ ಬ್ಲೇಡು ಸರಿಯಾಗಿ ಕೂರಿಸಿ, ಬ್ಲೇಡು ಮುಚ್ಚುವ ಗಾರ್ಡಿನ ಮೇಲೆ, ಅದು ತಿರುಗುವ ದಿಕ್ಕು ಹೇಳುವ ಬಾಣದ ಗುರುತು ತೋರಿಸಿದರು. ಇನ್ನು ಅವರೇ ಕೊಯ್ಯುತ್ತಾರೆ ಅಂದುಕೊಂಡರೆ, ಗರಗಸ ನನ್ನ ಕೈಗೇ ಕೊಟ್ಟರು. "ನೀಂಗಳೇ ಅರುಂಗ, ಸಾರ್. ಅಮ್ಮಾವುಕ್ಕು ತಾನೆ?" ಅಮ್ಮನಿಗಲ್ಲವೇ, ನೀವೇ ಕೊಯ್ಯಿರಿ ಎಂದು. ಕೊಯ್ದೆ. ಸ್ವಲ್ಪ ಸೊಟ್ಟಗೆ.

ಮಾರನೆಯ ದಿನ ಅಮ್ಮ ವಾಕರ್ ಊರಿಕೊಂಡು ಹಲಗೆ ಹತ್ತಿದಳು, ಒಳಗೆ ಹೋದಳು, ಚಿಲಕ ಹಾಕಿಕೊಂಡಳು. "ಅಮ್ಮಾ, ಚಿಲಕ ಬೇಡ!" ಎಂದು ಕೂಗಿದೆ.

"ಹೋಗೋ, ನಿನ್ನ ಕೆಲಸ ನೋಡ್ಕೋ!"

ಅಷ್ಟು ಸಂತೋಷ ನನಗೆ ಯಾವ ಪ್ರಮೋಷನ್ನಿಂದಲೂ ಆಗಿರಲಿಲ್ಲ.

ಅಮ್ಮ ಈಗಿಲ್ಲ. ಮಂಡಿನೋವು ನನಗೆ ಬಂದಿದೆ. ಅದೇ ಹಲಗೆಯ ಮೇಲೆ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತೇನೆ. ಹೆಂಡತಿ ಹೊರಗೇ ನಿಂತಿರುತ್ತಾಳೆ. ಚಿಲಕ ಹಾಕಿಕೊಳ್ಳುವ ಧೈರ್ಯ ನನಗಿನ್ನೂ ಬಂದಿಲ್ಲ.